ಎತ್ತಿ ತಳ್ಳುವ ಬಾಗಿಲು

ಜೂನ್ 8

ಪ್ರೀತಿಯ ಅಣ್ಣನಿಗೆ,

ಇನ್ನು ಮುಂದೆ ನನ್ನನ್ನು ಪುಟ್ಟಿ ಗಿಟ್ಟಿ ಅನ್ನುವಂತಿಲ್ಲ. ಇವತ್ತಿನಿಂದ ನಾನು ಓನರಮ್ಮ. ಫೋಟೋ ಸ್ಟುಡಿಯೋದವನು ಬೀಗದ ಕೈ ತೆಗೆದುಕೊಳ್ಳುವಾಗ ಹಾಗೆಯೇ ಕರೆದ. "ಓನರಮ್ಮ, ಗೋಡೆಗೆ ಮೊಳೆ ಹೊಡೀಬಹುದಾ?" ಅಂದ. ಯಾರನ್ನು ಕೇಳುತ್ತಿದ್ದಾನೆ ಅಂತ ನಾನು ಹಿಂದೆ ತಿರುಗಿ ನೋಡಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ಎರಡು ಹೊಡೀರಿ, ಜಾಸ್ತಿ ಬೇಡ" ಅಂದೆ. ಎರಡೇ ಯಾಕೆ ಅಂತ ನನಗೂ ಗೊತ್ತಿಲ್ಲ. ಓನರ್ ಅಂದಮೇಲೆ ಏನಾದರೂ ಒಂದು ಮಿತಿ ಹೇಳಬೇಕಲ್ಲ.

ನೀನು ಹೇಳಿದಂತೆ ಕಾಗದವನ್ನು ನಿನ್ನ ವರ್ಕ್‌ಶಾಪಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಫೋನು ಮಾಡೋಣವೆಂದರೆ ನಿನ್ನ ಮನೆಯ ಫೋನು ಅಮ್ಮನ ಮಂಚದ ಪಕ್ಕದಲ್ಲೇ ಕೂತಿದೆ. ಅವಳ ಮನೆಯನ್ನು ಬಾಡಿಗೆಗೆ ಕೊಟ್ಟ ವಿಷಯ ಅವಳ ಕಿವಿಗೆ ಬಿದ್ದರೆ ನಮ್ಮ ಕಥೆ ಮುಗಿಯಿತು. ಮಂಡಿನೋವು ಕಡಿಮೆಯಾದ ಮೇಲೆ ವಾಪಸು ಬರುವುದು ಅಂತ ತಾನೇ ಅವಳನ್ನು ನೀನು ಕರೆದುಕೊಂಡು ಹೋಗಿದ್ದು? ಅಲ್ಲಿಯತನಕ ಮನೆ ಗಟ್ಟಿಯಾಗಿ ನಿಂತಿರಬೇಕು, ಅಷ್ಟೇ ನಮಗೆ ಬೇಕಾದದ್ದು. ಬೀಗ ಹಾಕಿಟ್ಟ ನಾಲ್ಕೇ ತಿಂಗಳಿಗೆ ಗೋಡೆಯೆಲ್ಲ ಮುಗ್ಗಲು ವಾಸನೆ. ಪಕ್ಕದ ಗೋಡೌನಿನ ಸಾಹುಕಾರರು ಬೇರೆ, ನನ್ನನ್ನು ಕಂಡಾಗಲೆಲ್ಲ "ಕೊಡೋದಾದ್ರೆ ನಮಗೇ ಹೇಳಿಯಮ್ಮ, ಕೆಡವಿ ಶೆಡ್ಡು ಹಾಕಿಸ್ತೀವಿ" ಅನ್ನುತ್ತಾರೆ. ಬಾಯಿತುಂಬ ಹಲ್ಲು ಬಿಡುತ್ತಾರೆ, ಎಲ್ಲ ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿನಲ್ಲಿ ಮಾಡಿಸಿಕೊಂಡ ಹಲ್ಲುಗಳೇ.

ಹೋದ ಸಲ ನೀನು ಬಂದಾಗ ನಾವಿಬ್ಬರೂ ಕೂತು ಪ್ರತಿಯೊಂದು ನಲ್ಲಿ, ಸ್ವಿಚ್ಚು, ಚಿಲಕ, ಕಿಟಕಿ ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು. ಎಲ್ಲವೂ ಸುಸ್ಥಿತಿಯಲ್ಲಿದೆ ಅಂತ ಕರಾರುಪತ್ರದಲ್ಲಿ ಧೈರ್ಯವಾಗಿ ಬರೆದು ಸಹಿ ಹಾಕಿದೆ. ಇನ್ನು ತಿಂಗಳಿಗೊಮ್ಮೆ ಹೋಗಿ ಬಾಡಿಗೆ ಇಸಿದುಕೊಂಡು ಬಂದರೆ ಮುಗಿಯಿತು.

ನಿನ್ನ ತಂಗಿ

ಜೂನ್ 19

ಓನರಮ್ಮನವರ ಸನ್ನಿಧಾನಕ್ಕೆ ಬಡಪಾಯಿ ಲಿಫ್ಟ್ ಮೆಕ್ಯಾನಿಕ್ ಮಾಡಿಕೊಳ್ಳುವ ಅರಿಕೆ.

ಕಾಗದ ತಲುಪಿತು. ವರ್ಕ್‌ಶಾಪಿನಲ್ಲಿ ಎಲ್ಲರೂ ಇದ್ಯಾರ ಪ್ರೇಮಪತ್ರ ಅಂತ ರೇಗಿಸಿದರು. ಬಾಡಿಗೆಯವರಿಗೆ ಸಲಿಗೆ ಕೊಡಬೇಡ ಪುಟ್ಟಿ. ನಾನು ದಿನಾ ನೋಡುವವನು. ಲಿಫ್ಟು ಒಂದು ನಿಮಿಷ ತಡವಾಗಿ ಬಂದರೆ ಸಾಕು, ಜನ ಮನೆ ಮಠ ಕಳೆದುಕೊಂಡವರ ಹಾಗೆ ಕೂಗಾಡುತ್ತಾರೆ. ಮೊದಲ ದೂರಿಗೆ ಓಡಿದರೆ ಹತ್ತನೆಯದಕ್ಕೂ ಓಡಬೇಕಾಗುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಏನನ್ನೂ ಬದಲಾಯಿಸಬೇಡ. ಅಮ್ಮ ಬಂದರೆ ಕಣ್ಣು ಮುಚ್ಚಿಕೊಂಡು ಓಡಾಡುವ ಹಾಗಿರಬೇಕು. ಇಲ್ಲಿ ಅವಳಿಗೆ ಯಾವುದಕ್ಕೂ ಕೊರತೆಯಿಲ್ಲ, ಆದರೂ ಜೀವವೆಲ್ಲ ಅಲ್ಲೇ ಇದೆ. ಊಟಕ್ಕೆ ಕೂತರೆ ಅದೇ ಮಾತು: "ಆ ಬಚ್ಚಲ ಬಾಗಿಲು ಏನಾಯ್ತೋ? ಅಡುಗೆಮನೆ ನಲ್ಲಿ?" "ಹಾಗೇ ಇದೆ ಅಮ್ಮ, ಯಾರೂ ಮುಟ್ಟಿಲ್ಲ" ಅನ್ನುತ್ತೇನೆ. ಆಮೇಲೆ ಅವಳು ತಟ್ಟೆ ನೋಡುತ್ತ ಕೂರುತ್ತಾಳೆ. ಇಲ್ಲಿನ ನಮ್ಮ ಮನೆಯ ಬಚ್ಚಲ ಬಾಗಿಲನ್ನು ಎರಡು ಮೂರು ಸಲ ತೆಗೆದು ಹಾಕಿ ಮಾಡುತ್ತಾಳಂತೆ, ನಿನ್ನ ಅತ್ತಿಗೆ ಹೇಳುತ್ತಿದ್ದಳು. ಹೊಸ ಜಾಗ, ಪಾಪ, ಇನ್ನೂ ಹೊಂದಿಕೊಂಡಿಲ್ಲ.

ಮೊಳೆ ಎರಡಕ್ಕಿಂತ ಹೆಚ್ಚಾದರೆ ತಿಳಿಸು.

ಅಣ್ಣ

ಜುಲೈ 27

ಅಣ್ಣ,

ನಿನ್ನ ಸ್ಟುಡಿಯೋದವನು ಬಿಟ್ಟು ಹೋದ. ನಿನ್ನವನು ಅಂತ ಯಾಕೆ ಬರೆದೆನೋ ಗೊತ್ತಿಲ್ಲ, ಹುಡುಕಿದವಳು ನಾನೇ. ಸಿಟ್ಟಿನಲ್ಲಿದ್ದೇನೆ, ಓದಿಕೊಂಡು ಹೋಗು.

ಬಂದ ಮಾರನೆಯ ದಿನವೇ ಲ್ಯಾಬಿಗೆ ಫೋನು. "ಬಚ್ಚಲ ಬಾಗಿಲು ತೆಗೆಯೋಕಾಗ್ತಿಲ್ಲ." ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದವಳು ಹಾಗೇ ಬಿಟ್ಟು, ಎರಡು ಬಸ್ಸು ಬದಲಾಯಿಸಿಕೊಂಡು ಹೋದೆ. ಹಿಡಿ ಹಿಡಿದು ಸ್ವಲ್ಪ ಎತ್ತಿದೆ, ಭುಜ ಕೊಟ್ಟು ತಳ್ಳಿದೆ, ತೆಗೆಯಿತು. "ನೋಡಿ, ಇಷ್ಟೇ" ಅಂದೆ. ಎರಡು ದಿನ ಬಿಟ್ಟು ನಲ್ಲಿ ನಿಲ್ಲುತ್ತಿಲ್ಲ ಅಂದ. ಹೋದೆ. ಪೂರ್ತಿ ತಿರುಗಿಸಿ, ಒಂಚೂರು ಹಿಂದೆ ಬಿಟ್ಟು, ಮತ್ತೆ ತಿರುಗಿಸಿದೆ, ನಿಂತಿತು. ಅದಾದ ಮೇಲೆ ಹಾಲಿನ ದೀಪ. ಸ್ವಿಚ್ಚಿನ ಕೆಳಭಾಗ ಒತ್ತಿ ಹಿಡಿದುಕೊಂಡು ಒಂದು ಸಲ ಉಸಿರು ಬಿಟ್ಟೆ, ಹೊತ್ತಿತು. ಆಮೇಲೆ ಮುಂಬಾಗಿಲ ಬೀಗ. ಬಾಗಿಲನ್ನು ಎದೆಗೆ ಎಳೆದುಕೊಂಡು ಕೀಲಿ ತಿರುಗಿಸಿದೆ. ಎಲ್ಲವೂ ಸರಿಯಾಗಿಯೇ ಇದೆ! ನಾನು ಮುಟ್ಟಿದರೆ ಎಲ್ಲವೂ ಕೆಲಸ ಮಾಡುತ್ತದೆ!

ಕೊನೆಗೆ ಅವನು ಕೈ ಕಟ್ಟಿಕೊಂಡು ನಿಂತು ಹೇಳಿದ: "ಸರಿ ಓನರಮ್ಮ. ದಿನಾ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗೋ ಹೊತ್ತಿಗೆ ನೀವು ಬಂದುಬಿಡ್ತೀರಾ?"

ಮಾತು ಅಂದರೆ ಎಷ್ಟು ಕೊಬ್ಬು ನೋಡು. ಹೋಗುವಾಗ ಗೋಡೆ ನೋಡಿದೆ. ಎರಡು ಮೊಳೆ ಅಂದಿದ್ದೆ, ಜರಡಿ ಮಾಡಿಟ್ಟಿದ್ದಾನೆ. ಮುಂಗಡದಲ್ಲಿ ಹಿಡಿದುಕೊಳ್ಳೋಣವೆಂದರೆ, "ನೀವು ಎಲ್ಲ ಸರಿ ಇದೆ ಅಂತ ಸುಳ್ಳು ಬರೆದುಕೊಟ್ಟಿದ್ದೀರಲ್ಲ, ಅದಕ್ಕೇನು ಮಾಡೋಣ?" ಅಂದ. ಬಾಯಿ ಮುಚ್ಚಿಕೊಂಡು ಪೂರ್ತಿ ಕೊಟ್ಟು ಕಳಿಸಿದೆ. ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಈಗಿನವರಿಗೆ ಕೈಯಲ್ಲಿ ಜೀವವಿಲ್ಲವೋ, ನನ್ನ ಹಣೆಬರಹವೋ.

ಪುಟ್ಟಿ

ಆಗಸ್ಟ್ 6

ಪುಟ್ಟಿ,

ತಪ್ಪು ನಮ್ಮದೇ. ಯಂತ್ರವನ್ನು ಕೊಟ್ಟು ಬಳಸುವ ಕ್ರಮ ಹೇಳದಿದ್ದರೆ ಜನ ಏನು ಮಾಡಬೇಕು? ಪ್ರತಿ ಲಿಫ್ಟಿನೊಳಗೂ ನಾವು ಸೂಚನೆಯ ಹಲಗೆ ಹಾಕುವುದು ಸುಮ್ಮನೆಯೇ? ಮೊನ್ನೆ ಭಾನುವಾರ ಪೂರ್ತಿ ಕೂತು "ಮನೆ ಬಳಸುವ ವಿಧಾನ" ಅಂತ ಬರೆದಿದ್ದೇನೆ. ಇದರ ಜೊತೆಗೇ ಇದೆ. ಬಚ್ಚಲ ಬಾಗಿಲಿಗೆ ಚಿತ್ರ ಕೂಡ ಬರೆದಿದ್ದೇನೆ. ಬಾಣದ ಗುರುತು ಮೇಲಕ್ಕೆ ಇರುವುದು ಎತ್ತುವುದಕ್ಕೆ, ಅಡ್ಡ ಇರುವುದು ತಳ್ಳುವುದಕ್ಕೆ. ಒಳಗಿನಿಂದ ತೆಗೆಯುವಾಗ ಎರಡೂ ಕೈಯಲ್ಲಿ ಎತ್ತಿ ಎಳೆಯಬೇಕು, ಅದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಹಿಂದಿನ ಕಿಟಕಿಗೆ ಆನಿಕೆ ಕೊಡುವ ಮರದ ಚೂರು ಎಲ್ಲಿರುತ್ತದೆ, ಮಳೆ ಬಂದರೆ ಯಾವ ಕಡೆ ತಿರುಗಿಸಬೇಕು ಅನ್ನುವುದೂ ಇದೆ.

ಬರೆಯುತ್ತ ಬರೆಯುತ್ತ ಖುಷಿಯಾಯಿತು, ನಿಜ ಹೇಳುತ್ತೇನೆ. ಅಪ್ಪ ಇದ್ದಾಗಿನಿಂದ ಆ ಬಾಗಿಲು ಹಾಗೇ ಇದೆ. ಶಾಲೆಯಿಂದ ಬಂದು ಚೀಲ ಹೆಗಲಲ್ಲೇ ಇಟ್ಟುಕೊಂಡು ಎತ್ತಿ ತಳ್ಳುತ್ತಿದ್ದೆವಲ್ಲ. ಆ ಸದ್ದು ಕೇಳಿಯೇ ಅಮ್ಮ ಒಳಗಿನಿಂದ "ಯಾರು, ದೊಡ್ಡವನಾ?" ಅನ್ನುತ್ತಿದ್ದಳು.

ನಿನ್ನೆ ಊಟದ ಹೊತ್ತಿಗೆ ಮತ್ತೆ ಕೇಳಿದಳು, ನಲ್ಲಿ ಹೇಗಿದೆಯೋ ಅಂತ. ಅಷ್ಟು ಆಸೆ ಇಟ್ಟುಕೊಂಡಿದ್ದಾಳೆ. ಈ ಸಲ ಒಳ್ಳೆಯವರನ್ನು ಹುಡುಕು, ಸಂಸಾರಸ್ಥರನ್ನು. ಸೂಚನೆಯನ್ನು ಗಂಜಿ ಹಾಕಿ ಗೋಡೆಗೆ ಅಂಟಿಸು. ಮೊಳೆ ಹೊಡೆಯಬೇಡ.

ಅಣ್ಣ

ಸೆಪ್ಟೆಂಬರ್ 14

ಅಣ್ಣ,

ಮನೆಗೆ ಜನ ಬಂದಿದ್ದಾರೆ. ಆಸ್ಪತ್ರೆಯ ನರ್ಸಮ್ಮ, ಜೊತೆಗೆ ಅವರ ವಯಸ್ಸಾದ ತಂದೆ. ಯಜಮಾನರು ಕೋಲು ಹಿಡಿದು ನಡೆಯುತ್ತಾರೆ, ಮಾತು ಕಡಿಮೆ, ನಗು ಜಾಸ್ತಿ. ಇಂಥವರು ಸಿಗಬೇಕಾದರೆ ಪುಣ್ಯ ಮಾಡಿರಬೇಕು.

ನಿನ್ನ ಸೂಚನೆಯನ್ನು ಅಂಟಿಸಿದ್ದೆ. ನರ್ಸಮ್ಮ ಕೈಚೀಲ ಇಳಿಸದೆಯೇ ನಿಂತು ಪೂರ್ತಿ ಓದಿದರು. ಬಾಣದ ಗುರುತಿನ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪವೂ ಕೋಪವಿಲ್ಲದೆ ಕೇಳಿದರು: "ಇದನ್ನೆಲ್ಲ ಬರೆಯೋಕೆ ಕೂತ ಹೊತ್ತಲ್ಲಿ ಒಬ್ಬ ಬಡಗಿಯನ್ನ ಕರೆಸಬಹುದಿತ್ತಲ್ಲಮ್ಮ?"

"ಅಭ್ಯಾಸ ಆಗುತ್ತೆ" ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ನಮ್ಮ ಲ್ಯಾಬಿನಲ್ಲಿ ಹೊಸ ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತದೆ ಅಂತ ಯಾರಾದರೂ ಬಂದರೆ ನಮ್ಮ ಡಾಕ್ಟರು ಇದೇ ಮಾತು ಹೇಳುತ್ತಾರೆ. ಡಾಕ್ಟರು ಆಚೆ ಹೋದ ಮೇಲೆ ನಾನು ಸೆಟ್ಟು ಇಸಿದುಕೊಂಡು, ಚುಚ್ಚುವ ಕಡೆ ಉಜ್ಜಿ ಕೊಡುತ್ತೇನೆ. ಬಾಯಿ ಅವರದ್ದು, ನೋವೂ ಅವರದ್ದು, ಅಭ್ಯಾಸ ಮಾಡಿಕೊಳ್ಳಿ ಅನ್ನಲು ನಾವ್ಯಾರು ಅಂತ ಬೈದುಕೊಳ್ಳುತ್ತಲೇ ಉಜ್ಜುತ್ತೇನೆ.

ಮನಸ್ಸು ತಡೆಯಲಿಲ್ಲ. ಭಾನುವಾರ ನಮ್ಮವರನ್ನು ಕೇಳಿದೆ: "ನೀವೇ ಹೇಳಿ, ಅಮ್ಮನ ಮನೆ ಬಚ್ಚಲ ಬಾಗಿಲಲ್ಲಿ ಏನಾದರೂ ತೊಂದರೆ ಇದೆಯಾ?" ಅವರು ಪತ್ರಿಕೆ ಮಡಚಿಟ್ಟು ಆಚೆ ಈಚೆ ನೋಡಿದರು. ನಮ್ಮವರು ಆ ಮನೆಗೆ ಬಂದಾಗಲೆಲ್ಲ ಬಚ್ಚಲಲ್ಲಿ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು, ನೆನಪಿದೆಯಾ? ಅಳಿಯನಿಗೆ ಸಂಗೀತದ ಹುಚ್ಚು ಅಂತ ಅಪ್ಪ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಸಂಗೀತವೂ ಇಲ್ಲ, ಎಂಥದೂ ಇಲ್ಲ. ಆ ಬಾಗಿಲು ಹಾಕಿದರೆ ತೆಗೆಯಲು ಬರುವುದಿಲ್ಲ ಅಂತ ಅರ್ಧ ತೆರೆದಿಟ್ಟು, ಒಳಗೆ ಜನ ಇದ್ದಾರೆ ಅಂತ ತಿಳಿಯಲಿ ಅಂತ ಕೂಗಿಕೊಳ್ಳುತ್ತಿದ್ದರಂತೆ! "ಮದುವೆಯಾದ ಹೊಸತು, ಮಾವನ ಮನೆ ಬಾಗಿಲು ಸರಿ ಇಲ್ಲ ಅಂತ ಹೆಂಗೆ ಹೇಳೋದು? ಆಮೇಲೆ ಹಾಡೇ ಅಭ್ಯಾಸ ಆಗೋಯ್ತು" ಅಂದರು.

ನಗಬೇಡ. ನಾವು ಪರೀಕ್ಷೆ ಮಾಡಿದ್ದು ಮನೆಯನ್ನಲ್ಲ ಅಣ್ಣ, ನಮ್ಮ ಕೈಗಳನ್ನು. ಆ ಮನೆಯಲ್ಲಿ ಹುಟ್ಟದವರಿಗೆ ಅಲ್ಲಿ ಏನೂ ಕೆಲಸ ಮಾಡುವುದಿಲ್ಲ. ಬಡಗಿಯನ್ನೂ ಪ್ಲಂಬರನ್ನೂ ಕರೆಸುತ್ತೇನೆ, ಹ್ಞೂಂ ಅನ್ನು. ನಿನ್ನ ಲಿಫ್ಟಿನ ಬಾಗಿಲು ಹೀಗೆ ಸಿಕ್ಕಿಕೊಂಡರೆ ಎತ್ತಿ ತಳ್ಳಿ ಅಂತ ಹಲಗೆ ಹಾಕುತ್ತೀಯಾ?

ಪುಟ್ಟಿ

ಸೆಪ್ಟೆಂಬರ್ 25

ಪುಟ್ಟಿ,

ಲಿಫ್ಟಿನ ಮಾತು ಇಲ್ಲಿ ಬೇಡ. ಅದು ಯಾರದ್ದೋ ಕಟ್ಟಡ, ಇದು ನಮ್ಮ ಮನೆ.

ಯಾವನೋ ಬಡಗಿ ಬಂದು ಬಾಗಿಲು ಕಿತ್ತು, ಅಂಚು ಕೆತ್ತಿ, ಹೊಸ ಕೀಲು ಹಾಕಿ ಹೋಗುತ್ತಾನೆ. ನಾಳೆ ಅಮ್ಮ ಬಂದು ಹಿಡಿಗೆ ಕೈ ಹಾಕಿದರೆ ಅದು ಬೇರೆ ಮನೆಯ ಬಾಗಿಲಾಗಿರುತ್ತದೆ. ಇಷ್ಟು ದಿನ "ಹಾಗೇ ಇದೆ ಅಮ್ಮ" ಅಂತ ಹೇಳಿಕೊಂಡು ಬಂದವನು ಅವಳ ಮುಖ ಹೇಗೆ ನೋಡಲಿ? ಮಾಡಲೇಬೇಕು ಅಂತಿದ್ದರೆ ರಜೆ ಸಿಕ್ಕಾಗ ನಾನೇ ಬಂದು ಮಾಡುತ್ತೇನೆ. ಮನೆಯಲ್ಲಿ ಮೆಕ್ಯಾನಿಕ್ ಇಟ್ಟುಕೊಂಡು ಊರವರನ್ನು ಕರೆಸುವುದೇಕೆ?

ನರ್ಸಮ್ಮನಿಗೆ ಇಷ್ಟವಿದ್ದರೆ ಇರಲಿ, ಇಲ್ಲವಾದರೆ ಬಿಡಲಿ. ನನಗೂ ಸಾಕಾಗಿದೆ. ಇವರೂ ಬಿಟ್ಟರೆ ಈ ಬಾಡಿಗೆಯ ಉಸಾಬರಿಯೇ ಬೇಡ, ಸಾಹುಕಾರರಿಗೆ ಕೊಟ್ಟು ಕೈ ತೊಳೆದುಕೊಳ್ಳೋಣ. ಸಿಟ್ಟಿನಲ್ಲಿ ಬರೆಯುತ್ತಿಲ್ಲ, ಯೋಚಿಸಿಯೇ ಬರೆದಿದ್ದೇನೆ.

ಅಣ್ಣ

ನವೆಂಬರ್ 3

ಅಣ್ಣ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ರಜೆ ಹಾಕಿ ಬರುತ್ತೀಯ ಅಂತ ಕಾದೆ. ಈಗ ಆ ಮನೆಯಿಂದ ಬಂದವಳೇ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಇವತ್ತು ನರ್ಸಮ್ಮನಿಗೆ ಬೆಳಗಿನ ಪಾಳಿ. ಅವರು ಹೊರಟ ಮೇಲೆ ಯಜಮಾನರು ಬಚ್ಚಲಿಗೆ ಹೋಗಿದ್ದಾರೆ. ಬಾಗಿಲು ಪೂರ್ತಿ ಹಾಕಬೇಡಿ ಅಂತ ಮಗಳು ದಿನಾ ಹೇಳಿ ಹೋಗುತ್ತಿದ್ದರು. ಗಾಳಿಗೆ ಅದು ತಾನಾಗಿಯೇ ಹಾಕಿಕೊಂಡಿದೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಗೋಡೆ. ಎರಡೂ ಕೈಯಲ್ಲಿ ಎತ್ತಿ ಎಳೆಯಿರಿ ಅಂತ ನೀನು ಕೆಂಪು ಶಾಯಿಯಲ್ಲಿ ಬರೆದಿದ್ದೀಯಲ್ಲ, ಅವರಿಗೆ ಎರಡು ಕೈ ಎಲ್ಲಿಂದ ಬರಬೇಕು? ಅದೂ ಆ ಸೂಚನೆ ಅಂಟಿರುವುದು ಬಾಗಿಲ ಆಚೆಗೆ.

ಮಧ್ಯಾಹ್ನ ಮಗಳು ಬರುವತನಕ ಅವರು ಒದ್ದೆ ನೆಲದ ಮೇಲೆ ಕೂತಿದ್ದರು. ನರ್ಸಮ್ಮ ಫೋನು ಮಾಡಿದರು. ನಾನು ಹೋಗುವ ಹೊತ್ತಿಗೆ ಅವರನ್ನು ಕಂಬಳಿ ಹೊದಿಸಿ ಮಲಗಿಸಿದ್ದರು. ಯಜಮಾನರು ನನ್ನನ್ನು ಕಂಡು, ತಪ್ಪು ತಮ್ಮದೇ ಅನ್ನುವ ಹಾಗೆ ನಕ್ಕರು. ಅವರು ಬೈದಿದ್ದರೆ ನನಗೆ ಇಷ್ಟು ಅಳು ಬರುತ್ತಿರಲಿಲ್ಲ.

ನರ್ಸಮ್ಮ ಕೂಗಾಡಲಿಲ್ಲ. "ತಿಂಗಳ ಕೊನೆಗೆ ಬಿಡ್ತೀವಮ್ಮ. ನಾನು ಒಂದೇ ಒಂದು ಕೇಳಿದ್ದೆ, ತಳ್ಳಿದರೆ ತೆಗೆಯೋ ಬಾಗಿಲು. ಅದೇನು ಅರಮನೆ ಕೇಳಿದ್ನಾ?" ಅಂದರು.

ನಾನು ಏನು ಹೇಳಲಿ? ನಮ್ಮ ಅಣ್ಣ ಲಿಫ್ಟ್ ಮೆಕ್ಯಾನಿಕ್, ಒಳಗೆ ಸಿಕ್ಕಿಕೊಂಡವರನ್ನು ಬಿಡಿಸುವುದೇ ಅವನ ಕಸುಬು, ಆದರೆ ಈ ಬಾಗಿಲು ಮುಟ್ಟಬಾರದಂತೆ ಅಂತ ಹೇಳಲಾ? ಅಮ್ಮನಿಗೋಸ್ಕರ, ಅಮ್ಮನಿಗೋಸ್ಕರ ಅನ್ನುತ್ತೀಯ. ಅಮ್ಮನಿಗೆ ಇದು ತಿಳಿದರೆ ನಮ್ಮಿಬ್ಬರನ್ನೂ ಆ ಬಚ್ಚಲಲ್ಲಿ ಕೂಡಿಹಾಕುತ್ತಾಳೆ. ಮಾರುವುದಾದರೆ ಮಾರು. ನಾನು ಸಾಹುಕಾರರ ಮುಂದೆ ಹೋಗಿ ನಿಲ್ಲುವುದಿಲ್ಲ, ನೀನೇ ಬಂದು ನಿಲ್ಲು. ನಿನ್ನ ಮನೆ ಹೋಯಿತು ಅಂತ ಅಮ್ಮನಿಗೆ ಹೇಳುವುದೂ ನೀನೇ.

ಇನ್ನು ಬರೆದರೆ ಬಾಯಿಗೆ ಬಂದದ್ದೆಲ್ಲ ಬರೆಯುತ್ತೇನೆ.

ಪುಟ್ಟಿ

ನವೆಂಬರ್ 12

ಪುಟ್ಟಿ,

ಕವರಿನ ಮೇಲೆ ಯಾವ ವಿಳಾಸ ಬರೆದೆ, ನೆನಪಿದೆಯಾ? ಸಿಟ್ಟಿನಲ್ಲಿ ನಿನ್ನ ಕೈ ವರ್ಕ್‌ಶಾಪಿನದ್ದು ಬಿಟ್ಟು, ಹಳೆಯ ರೂಢಿಯಂತೆ ನನ್ನ ಮನೆಯ ವಿಳಾಸವನ್ನೇ ಬರೆದಿದೆ. ಅಂಚೆಯವನು ಅಮ್ಮನ ಕೈಗೇ ಕೊಟ್ಟಿದ್ದಾನೆ. ಮಗಳ ಅಕ್ಷರ ಅಂತ ಅವಳು ಒಡೆದು ಓದಿದ್ದಾಳೆ.

ನಾನು ಸಂಜೆ ಬಂದಾಗ ಕಾಗದ ಅವಳ ಮಡಿಲಲ್ಲಿತ್ತು. ಕನ್ನಡಕ ಇನ್ನೂ ಮೂಗಿನ ಮೇಲೇ ಇತ್ತು. ಭೂಮಿ ಬಾಯಿಬಿಡಬಾರದೇ ಅನಿಸಿತು. ಬಾಡಿಗೆಗೆ ಕೊಟ್ಟಿದ್ದಕ್ಕೆ, ಮುಚ್ಚಿಟ್ಟಿದ್ದಕ್ಕೆ ಬೈಯಲಿ ಅಂತ ಕಾದೆ. ಅವಳು ಅದ್ಯಾವುದನ್ನೂ ಎತ್ತಲಿಲ್ಲ.

"ಆ ಯಜಮಾನರು ಈಗ ಹೇಗಿದ್ದಾರಂತೆ?" ಅಂದಳು.

"ಹುಷಾರಾಗಿದ್ದಾರೆ ಅನ್ಸುತ್ತೆ ಅಮ್ಮ."

"ಪಾಪ, ಅವರಿಗೆ ಮಗಳು ಬಂದು ತೆಗೆದ್ಲು. ನನಗೆ ಹಾಲಿನವನು ತೆಗೆದ."

ನನಗೆ ಅರ್ಥವಾಗಲಿಲ್ಲ. ಅವಳು ಮಂಡಿ ನೀವಿಕೊಳ್ಳುತ್ತ, ಬೇರೆ ಯಾರದ್ದೋ ವಿಷಯ ಹೇಳುವವಳ ಹಾಗೆ ಹೇಳಿದಳು. ಹೋದ ಚಳಿಗಾಲದಲ್ಲಿ ಅವಳೂ ಒಳಗೆ ಸಿಕ್ಕಿಕೊಂಡಿದ್ದಳಂತೆ. ಎತ್ತಲು ಮಂಡಿ ಊರಬೇಕು, ಮಂಡಿ ಊರಲು ಆಗುತ್ತಿರಲಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಹೋದವಳು ಸಂಜೆ ಹಾಲಿನವನು ಬರುವತನಕ ಅಲ್ಲೇ. ಮೇಲಿನ ಗವಾಕ್ಷಿಯ ಕಡೆ ಮುಖ ಮಾಡಿ ಕೂಗಿದಳಂತೆ. ಹಾಲಿನವನು ಹಿತ್ತಿಲ ಕಡೆಯಿಂದ ಬಂದು ತಳ್ಳಿ ತೆಗೆದನಂತೆ. ಯಾರಿಗೂ ಹೇಳಬೇಡಪ್ಪ ಅಂತ ಅವನಿಂದ ಮಾತು ತೆಗೆದುಕೊಂಡಳಂತೆ.

"ಅವತ್ತೇ ನೀನು ಫೋನ್ ಮಾಡಿದ್ದೆ, ನಮ್ಮನೆಗೆ ಬಂದುಬಿಡಮ್ಮ ಅಂತ. ಯಾವತ್ತೂ ಒಲ್ಲೆ ಅಂತಿದ್ದೋಳು ಅವತ್ತು ಹ್ಞೂಂ ಅಂದೆ. ಮಂಡಿನೋವು ಅಂದೆ. ಮಂಡಿನೂ ನೋಯ್ತಿತ್ತು, ಸುಳ್ಳೇನಲ್ಲ."

"ಒಂದು ಮಾತು ಹೇಳಬಾರದಿತ್ತಾ ಅಮ್ಮ?" ಅಂದೆ. ಆಗ ಅವಳು ತಲೆ ಎತ್ತಿ ನನ್ನನ್ನು ನೋಡಿದಳು ಪುಟ್ಟಿ. ಅಂಥ ನೋಟವನ್ನು ನಾನು ಚಿಕ್ಕವನಾಗಿದ್ದಾಗಲೂ ಕಂಡಿಲ್ಲ.

"ಹೇಳಲಿಲ್ವಾ? ನಿಮ್ಮಪ್ಪನಿಗೆ ಹೇಳಿದೆ. ಮುಂದಿನ ತಿಂಗಳು ಅಂದ್ರು, ಮುಂದಿನ ತಿಂಗಳು ಅಂತಲೇ ಹೋದ್ರು. ನೀನು ಕೆಲಸ ಕಲಿತ ಮೇಲೆ ನಿನಗೆ ಹೇಳಿದೆ. ಮುಂದಿನ ಸಲ ಬಂದಾಗ ಮಾಡ್ತೀನಿ ಅಂದೆ ನೀನು. ಪುಟ್ಟಿಗೆ ಹೇಳಿದೆ, ಇರಲಿ ಬಿಡಮ್ಮ ಅದು ನಮ್ಮನೆ ಗುರುತು ಅಂದ್ಲು. ಇಲ್ಲಿಗೆ ಬಂದಮೇಲೂ ದಿನಾ ಊಟಕ್ಕೆ ಕೂತಾಗ ಕೇಳ್ತಾನೇ ಇದ್ನಲ್ಲೋ, ಬಾಗಿಲು ಏನಾಯ್ತು, ನಲ್ಲಿ ಏನಾಯ್ತು ಅಂತ. ಹಾಗೇ ಇದೆ ಅಮ್ಮ, ಯಾರೂ ಮುಟ್ಟಿಲ್ಲ ಅಂತ ಅದೇನು ಹೆಮ್ಮೆಯಿಂದ ಹೇಳ್ತಿದ್ದೆ! ಇನ್ನು ಏನಂತ ಹೇಳೋದು?"

ನಿನ್ನ ಅತ್ತಿಗೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಅಮ್ಮ ಕಾಗದ ಮಡಚಿ ನನ್ನ ಕೈಗೆ ಕೊಟ್ಟು ಇನ್ನೊಂದು ಮಾತು ಹೇಳಿದಳು. "ಆ ನರ್ಸಮ್ಮ ಬಾಡಿಗೆ ಕೊಡ್ತಾಳೆ, ರಿಪೇರಿ ಮಾಡ್ಸದಿದ್ರೆ ಬಿಟ್ಟು ಹೋಗ್ತೀನಿ ಅನ್ನಬಹುದು. ನಾನು ಎಲ್ಲಿಗೆ ಹೋಗ್ತೀನಿ ಅಂತ ಹೇಳಬೇಕಿತ್ತು?"

ಅವಳು ಇಲ್ಲಿನ ಬಚ್ಚಲ ಬಾಗಿಲನ್ನು ತೆಗೆದು ಹಾಕಿ ಮಾಡುತ್ತಾಳೆ, ಹೊಂದಿಕೊಂಡಿಲ್ಲ ಪಾಪ ಅಂತ ಬರೆದಿದ್ದೆನಲ್ಲ. ನನ್ನ ಬುದ್ಧಿಗೆ ಏನೆನ್ನಲಿ.

ಬಡಗಿಯನ್ನು ಕರೆಸು. ನಾಳೆಯೇ ಕರೆಸು, ನನ್ನ ರಜೆಗೆ ಕಾಯಬೇಡ. ನರ್ಸಮ್ಮನ ಕಾಲು ಹಿಡಿದಾದರೂ ನಿಲ್ಲಿಸಿಕೋ. ಸಾಹುಕಾರರ ಸುದ್ದಿಯನ್ನು ನಾನು ಎತ್ತಿರಲೇ ಇಲ್ಲ ಅಂದುಕೋ.

ಅಣ್ಣ

ನವೆಂಬರ್ 24

ಅಣ್ಣ,

ನಿನ್ನ ಕಾಗದವನ್ನು ಲ್ಯಾಬಿನಲ್ಲಿ ಓದಿದೆ. ಮೂಲೆಗೆ ಹೋಗಿ ಅತ್ತೆ. "ನಮ್ಮನೆ ಗುರುತು" ಅಂದದ್ದು ನನಗೆ ನೆನಪೇ ಇಲ್ಲ. ಅಂದಿರುತ್ತೇನೆ, ನನ್ನ ಬಾಯಿಗೆ ಒಪ್ಪುವ ಮಾತೇ ಅದು.

ಬಡಗಿ ಬಂದು ಬಾಗಿಲು ಇಳಿಸಿ, ಜೋತುಬಿದ್ದ ಕೀಲು ಬದಲಾಯಿಸಿ, ಉಜ್ಜುವ ಅಡಿಯನ್ನು ತೋಪಡಾದಲ್ಲಿ ಕೀಸಿ ಕೂರಿಸಿದ. ಪ್ಲಂಬರ್ ನಲ್ಲಿಗೆ ಹೊಸ ವಾಷರ್ ಹಾಕಿದ. ಸ್ವಿಚ್ಚು, ಬೀಗ ಎರಡೂ ಹೊಸವು. ನಿನ್ನ ಸೂಚನೆಯ ಕಾಗದವನ್ನು ನೀರು ಹಾಕಿ ಕೆರೆದು ತೆಗೆದೆ. ನರ್ಸಮ್ಮ ಒಂದೊಂದನ್ನೂ ತಾವೇ ತಿರುಗಿಸಿ, ತಳ್ಳಿ, ಒತ್ತಿ ನೋಡಿ, "ಸರಿ, ಇರ್ತೀವಿ" ಅಂದರು. ಉಸಿರು ಬಿಡುವಷ್ಟರಲ್ಲಿ, "ಹಿಂದಿನ ಕಿಟಕಿಗೆ ಈ ಮರದ ಚೂರು ಕೊಡೋದು ಎಲ್ಲೀ ತನಕ?" ಅಂದರು. ಓನರಮ್ಮನ ಕಷ್ಟ ಓನರಮ್ಮನಿಗೇ ಗೊತ್ತು.

ಇನ್ನೊಂದು ಆಯಿತು. ಹೊರಡುವ ಮುಂಚೆ ಕೈ ತೊಳೆಯಲು ಬಚ್ಚಲಿಗೆ ಹೋದೆ. ನನ್ನ ಕೈ ತಾನಾಗಿ ಹಿಡಿಯನ್ನು ಎತ್ತಿತು, ಭುಜ ತಾನಾಗಿ ತಳ್ಳಿತು. ಬಾಗಿಲು ಅಷ್ಟು ಹಗುರಾಗಿ ತೆರೆದುಕೊಂಡಿತು ಅಂದರೆ, ಒಳಗಿನ ನೀರಿನ ಹಂಡೆಯ ಮೇಲೆ ಹೋಗಿ ಬಿದ್ದೆ. ಯಜಮಾನರು ಮಂಚದ ಮೇಲಿಂದ, "ಸುಮ್ನೆ ತಳ್ಳಿದ್ರೆ ಸಾಕಮ್ಮ, ಅಭ್ಯಾಸ ಆಗುತ್ತೆ" ಅಂದರು. ಮೊಣಕೈ ಊದಿಕೊಂಡಿದೆ.

ಪುಟ್ಟಿ

ಡಿಸೆಂಬರ್ 29

ಪುಟ್ಟಿ,

ಅಮ್ಮನಿಗೆ ಆ ಮನೆಯನ್ನು ಒಮ್ಮೆ ನೋಡಬೇಕಂತೆ. ನಾನು ಕರೆತರೋಣವೆಂದರೆ ಇಲ್ಲಿ ಆಸ್ಪತ್ರೆಯ ಎರಡೂ ಲಿಫ್ಟು ಬಿಚ್ಚಿ ಹಾಕಿದ್ದೇವೆ, ಮೇಲಿನವರು ರಜೆಯ ಮಾತೆತ್ತಿದರೆ ಹರಿದು ತಿನ್ನುತ್ತಾರೆ. ನಿನ್ನ ಅತ್ತಿಗೆಯ ಜೊತೆ ಕಳಿಸುತ್ತಿದ್ದೇನೆ. ನರ್ಸಮ್ಮನಿಗೆ ಮೊದಲೇ ಹೇಳಿಡು, ಈಗ ಅದು ಅವರ ಮನೆ.

ಅಮ್ಮ ಅಲ್ಲಿ ಏನು ಮಾಡಿದಳು, ಏನಂದಳು, ಎಲ್ಲ ಬರೆ. ಒಂದೂ ಬಿಡಬೇಡ.

ಅಣ್ಣ

ಜನವರಿ 18

ಅಣ್ಣ,

ಒಂದೂ ಬಿಡದೆ ಬರೆಯುತ್ತೇನೆ.

ಅಮ್ಮ ಹೊಸ್ತಿಲ ಹೊರಗೆ ನಿಂತು, ನರ್ಸಮ್ಮ "ಬನ್ನಿ" ಅನ್ನುವತನಕ ಒಳಗೆ ಕಾಲಿಡಲಿಲ್ಲ. ತನ್ನ ಮನೆಯಲ್ಲೇ ಕುರ್ಚಿಯ ತುದಿಯಲ್ಲಿ ಕೂತಳು. ಕಾಫಿ ಕುಡಿದಳು. ಯಜಮಾನರನ್ನು ಮಾತಾಡಿಸಿದಳು. ಅವರಿಬ್ಬರೂ ಮಂಡಿಯ ವಿಷಯ ಮಾತಾಡಿದರು, ಬಾಗಿಲಿನ ವಿಷಯ ಆಡಲಿಲ್ಲ. ಆಮೇಲೆ ಅಮ್ಮ, "ಒಂದು ಸಲ ಬಚ್ಚಲಿಗೆ ಹೋಗಿ ಬರಲಾ?" ಅಂತ ನರ್ಸಮ್ಮನ ಅಪ್ಪಣೆ ಕೇಳಿದಳು.

ನಾನು ಹಿಂದೆಯೇ ಹೋದೆ. ಹಿಡಿಗೆ ಕೈ ಹಾಕಿದಳು. ನನ್ನ ಹಾಗೆ ಎತ್ತುತ್ತಾಳೆ, ಬೀಳುತ್ತಾಳೆ ಅಂತ ನಾನು ತೋಳು ಚಾಚಿದ್ದೆ. ಅವಳು ಎತ್ತಲಿಲ್ಲ. ಕೈ ತೆಗೆದು, ಒಂದೇ ಬೆರಳಲ್ಲಿ ತಳ್ಳಿದಳು. ತೆರೆದುಕೊಂಡಿತು. ಒಳಗೆ ಹೋಗಿ ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು. ನಾನು ಹೊರಗೆ ನಿಂತು ಆ ಚಿಲಕದ ಸದ್ದು ಕೇಳುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದಳು, ಮುಖ ತೊಳೆದುಕೊಂಡಿದ್ದಳು.

"ಬಡಗಿಗೆ ಎಷ್ಟು ದಿನ ಹಿಡೀತು?" ಅಂದಳು.

ಸುಳ್ಳು ಹೇಳೋಣ ಅನಿಸಿತು ಅಣ್ಣ. ಒಂದು ವಾರ ಅನ್ನೋಣ, ದೊಡ್ಡ ಕೆಲಸ ಅನ್ನೋಣ ಅನಿಸಿತು. ಆಗಲಿಲ್ಲ. "ಅರ್ಧ ದಿನ ಅಮ್ಮ" ಅಂದೆ.

"ಅರ್ಧ ದಿನ" ಅಂದಳು. ಅಷ್ಟೇ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ನಿಲ್ಲಿಸಿ, ಹನಿ ಬೀಳುತ್ತದೆಯೇನೋ ಅಂತ ಕಾದು ನಿಂತಳು. ಬೀಳಲಿಲ್ಲ.

ಇಲ್ಲೇ ಇರ್ತೀಯಾ ಅಂತ ದಾರಿಯಲ್ಲಿ ಕೇಳಿದ್ದೆ. ಬೇಡ ಅಂದಿದ್ದಳು. ನಿನ್ನ ಮನೆಯಲ್ಲಿ ಅವಳ ಮಂಚ ಕಿಟಕಿಯ ಪಕ್ಕ ಇದೆಯಂತೆ, ಆ ಕಿಟಕಿ ಸಲೀಸಾಗಿ ತೆಗೆಯುತ್ತದಂತೆ. ಅವಳು ವಾಪಸು ಬಂದ ಮೇಲೆ ನಿನ್ನ ಮನೆಯಲ್ಲಿ ಏನು ಸರಿ ಇಲ್ಲ ಅಂತ ಕೇಳು. ಎಲ್ಲ ಸರಿ ಇದೆ ಅನ್ನುತ್ತಾಳೆ. ಇನ್ನೊಂದು ಸಲ ಕೇಳು.

ಹೊರಡುವಾಗ ಆದದ್ದನ್ನು ಕೊನೆಗೆ ಅಂತ ಇಟ್ಟುಕೊಂಡಿದ್ದೆ. ನರ್ಸಮ್ಮ ಸಂಕೋಚದಿಂದ, "ನಿಮ್ಮ ಮಗಳಿಗೆ ಬರೀ ದೂರು ಹೇಳಿ ಹೇಳಿ ತೊಂದರೆ ಕೊಟ್ಟೆ, ತಪ್ಪು ತಿಳ್ಕೋಬೇಡಿ" ಅಂದರು. ಅಮ್ಮ ಅವರ ಎರಡೂ ಕೈ ಹಿಡಿದುಕೊಂಡಳು. ನಾನು ಅಲ್ಲೇ ನಿಂತಿದ್ದೆ, ನಾನು ಕೇಳಿಸಿಕೊಳ್ಳುತ್ತಿದ್ದೇನೆ ಅಂತ ಅವಳಿಗೆ ಗೊತ್ತಿತ್ತು.

"ಹೇಳ್ತಾನೇ ಇರಿ ತಾಯಿ, ಬಿಡಬೇಡಿ" ಅಂದಳು. "ನೀವು ಹೇಳಿದ್ರೆ ಇವರಿಗೆ ಕೇಳಿಸುತ್ತೆ."

ಕಿಟಕಿಗೆ ಬಡಗಿ ನಾಳೆ ಬರುತ್ತಾನೆ.

ಪುಟ್ಟಿ